10 ತಿಂಗಳಿಗೆ ಅಂದ ಮನೆ 14 ತಿಂಗಳಾದರೂ ಮುಗಿದಿಲ್ಲ: ತಡ ಯಾರ ಲೆಕ್ಕಕ್ಕೆ?

ಪ್ರಶ್ನೆ: ದಾವಣಗೆರೆಯಲ್ಲಿ 30×40 ಸೈಟಿನಲ್ಲಿ ಕೆಳಗೆ ನಮಗೆ, ಮೇಲೆ ಬಾಡಿಗೆಗೆ ಅಂತ ಒಟ್ಟು 1,800 ಚದರ ಅಡಿಯ ಮನೆ ಕಟ್ಟಿಸುತ್ತಿದ್ದೇವೆ. ಸಾಮಾನು, ಕೂಲಿ ಎಲ್ಲ ಸೇರಿ 36 ಲಕ್ಷಕ್ಕೆ ಗುತ್ತಿಗೆ. ನವೆಂಬರ್ ಮೊದಲ ವಾರ ಶುರು ಮಾಡಿ ಆಗಸ್ಟ್ ಕೊನೆಗೆ ಬೀಗದ ಕೈ ಕೊಡಬೇಕಿತ್ತು. ಈಗ ಡಿಸೆಂಬರ್ ಮುಗಿಯುತ್ತಿದೆ, 4 ತಿಂಗಳು ತಡವಾಗಿದೆ. ಒಳಗೆ ಹೊರಗೆ ಪ್ಲಾಸ್ಟರಿಂಗ್ ಮಾತ್ರ ಆಗಿದೆ. ನಾವು 80% ಹಣ ಕೊಟ್ಟಾಗಿದೆ. ಕಂಟ್ರಾಕ್ಟರ್ ಮಳೆ, ಲೇಬರ್, ನಿಮ್ಮ ಬದಲಾವಣೆ ಅಂತಾರೆ. ನಿಜ ಹೇಳಬೇಕೆಂದರೆ ಪಾಯ ಆದ ಮೇಲೆ ಹಿರಿಯರೊಬ್ಬರ ಮಾತು ಕೇಳಿ ಅಡುಗೆಮನೆ, ದೇವರಮನೆ ಜಾಗ ಬದಲಿಸಿದೆವು, 3 ವಾರ ಹೋಯಿತು. ಯುಗಾದಿ ಮುಗಿದ ಮೇಲೆ ಕಾಂಕ್ರೀಟಿಗೆ ಅಚ್ಚು, ಆಸರೆ ಕಟ್ಟುವ ಸೆಂಟ್ರಿಂಗ್‌ನವರಿಲ್ಲ ಅಂತ ಕೆಲಸ 6 ವಾರ ನಿಂತಿತ್ತು. ಅದೇ ಹೊತ್ತಿಗೆ ಬ್ಯಾಂಕಿನ ಕಂತು 3 ವಾರ ತಡವಾಗಿ ಬಂತು. ಮುಖ್ಯ ಬಾಗಿಲಿನ ಮರ ಆರಿಸಲು ನಾವು 2 ವಾರ ತೆಗೆದುಕೊಂಡೆವು. ತಡವಾದರೆ ವಾರಕ್ಕೆ 5,000 ರೂಪಾಯಿ ಕಡಿತ ಅಂತ ಅಗ್ರಿಮೆಂಟಿನಲ್ಲಿದೆ. ಅದನ್ನು ಹಿಡಿಯಬಹುದಾ? ಬೇರೆಯವರಿಗೆ ಕೆಲಸ ಕೊಟ್ಟುಬಿಡಲಾ? ಫಾಲ್ಗುಣದಲ್ಲಿ ಗೃಹಪ್ರವೇಶ ಆಗುತ್ತಾ?

ಉತ್ತರ: ಮೊದಲು ಒಂದು ಲೆಕ್ಕ ಸರಿ ಮಾಡಿಕೊಳ್ಳೋಣ. ನೀವು 4 ತಿಂಗಳು ತಡ ಅಂದಿದ್ದೀರಿ. ಅದು ಕ್ಯಾಲೆಂಡರ್ ನೋಡಿ ಹೇಳಿದ ಮಾತು. ಟೈಲ್ಸ್, ಬಾತ್‌ರೂಮ್, ವೈರಿಂಗ್, ಬಾಗಿಲು ಕಿಟಕಿ, ಪೇಂಟ್ ಎಲ್ಲಾ ಬಾಕಿ ಇದೆ. ಜನ ಸರಿಯಾಗಿ ಬಂದರೂ ಇದಕ್ಕೆ 10 ವಾರ ಬೇಕು. ಅಂದರೆ ಕಳೆದುಹೋದ 17 ವಾರಕ್ಕೆ ಈ 10 ಸೇರಿಸಿ, ನಿಮ್ಮ ಮನೆ 27 ವಾರ ಹಿಂದಿದೆ. ತಡವನ್ನು ಯಾವಾಗಲೂ ಹೀಗೇ ಅಳೆಯಬೇಕು: ಇವತ್ತಿನ ಹಂತ ಯಾವತ್ತು ಮುಗಿಯಬೇಕಿತ್ತು, ಯಾವತ್ತು ಮುಗಿಯಿತು? ಈ ಪ್ರಶ್ನೆಯನ್ನು ಮೇ ತಿಂಗಳಲ್ಲೇ ಯಾರಾದರೂ ಕೇಳಿದ್ದರೆ ಆಗಸ್ಟ್ ತಪ್ಪುತ್ತದೆ ಅಂತ ಅವತ್ತೇ ಗೊತ್ತಾಗುತ್ತಿತ್ತು. ಸರಿಪಡಿಸಲು ಸಮಯವೂ ಇರುತ್ತಿತ್ತು.

ಇನ್ನು ಈ 27 ವಾರ ಎಲ್ಲಿ ಹೋದವು? ನೀವು ಕೊಟ್ಟ ವಿವರಗಳನ್ನೇ ಹಿಡಿದು ಒಂದೊಂದಾಗಿ ಬಿಡಿಸುತ್ತೇನೆ.

ಅಡುಗೆಮನೆ ಬದಲಾವಣೆಯ 3 ವಾರ ನಿಮ್ಮ ಲೆಕ್ಕಕ್ಕೆ. ಇದರಲ್ಲಿ ವಾದವಿಲ್ಲ. ಪಾಯ ಆದ ಮೇಲೆ ಗೋಡೆ ಸರಿಸಿದರೆ ಡ್ರಾಯಿಂಗ್ ಬದಲಾಗಬೇಕು, ಪೈಪಿನ ದಾರಿ ಬದಲಾಗಬೇಕು, ಕಟ್ಟಿದ್ದನ್ನು ಒಡೆಯಬೇಕು. ವಾಸ್ತು ನೋಡಬೇಡಿ ಅಂತ ನಾನು ಹೇಳುವುದಿಲ್ಲ. ನೋಡುವುದಿದ್ದರೆ ಗುದ್ದಲಿ ಪೂಜೆಗೆ ಮೊದಲೇ, ಕಾಗದದ ಮೇಲಿರುವಾಗಲೇ ನೋಡಿಸಬೇಕು. ಪಾಯ ಬಿದ್ದ ಮೇಲೆ ಮನೆಗೆ ಬರುವ ನೆಂಟರ ಸಲಹೆಗೆ ಕಿವಿ ಕೊಡಬಹುದು, ಗೋಡೆ ಕೊಡಬಾರದು.

ಮುಖ್ಯ ಬಾಗಿಲಿನ 2 ವಾರ ಯಾರ ಲೆಕ್ಕಕ್ಕೂ ಬರುವುದಿಲ್ಲ. ನೀವು ಮರ ಆರಿಸುತ್ತಿದ್ದಾಗ ಉಳಿದ ಗೋಡೆ ಕೆಲಸ ನಡೆಯುತ್ತಲೇ ಇತ್ತಲ್ವಾ? ಆ ಒಂದು ಜಾಗ ಮಾತ್ರ ಬಾಕಿ ಉಳಿಯಿತು, ಮನೆ ನಿಲ್ಲಲಿಲ್ಲ. ಕಂಟ್ರಾಕ್ಟರ್ ಇದನ್ನು ಪಟ್ಟಿಗೆ ಸೇರಿಸಿದರೆ ಒಪ್ಪಬೇಡಿ. ಒಂದು ಕೆಲಸ ತಡವಾದರೆ ಮನೆ ತಡವಾಗಲೇಬೇಕು ಅಂತೇನಿಲ್ಲ. ಯಾವ ಕೆಲಸ ನಿಂತರೆ ಅದರ ನಂತರದ ಎಲ್ಲಾ ಕೆಲಸವೂ ನಿಲ್ಲುತ್ತದೋ ಆ ಸಾಲು ಮಾತ್ರ ಮುಖ್ಯ. ಪಾಯ, ಪಿಲ್ಲರ್, ಮೋಲ್ಡ್ (ಕಾಂಕ್ರೀಟ್ ಛಾವಣಿ), ಮೇಲಿನ ಪಿಲ್ಲರ್, ಮೇಲಿನ ಮೋಲ್ಡ್, ಪ್ಲಾಸ್ಟರಿಂಗ್, ಟೈಲ್ಸ್, ಪೇಂಟ್ ಇವು ಆ ಸಾಲಿನವು.

ಯುಗಾದಿ ನಂತರದ 6 ವಾರದ್ದು ಸ್ವಲ್ಪ ಸೂಕ್ಷ್ಮ. ಸೆಂಟ್ರಿಂಗ್‌ನವರು ಇರಲಿಲ್ಲ, ಅದು ಕಂಟ್ರಾಕ್ಟರ್ ಕಡೆಯ ತಡ. ಆದರೆ ಅದೇ ಹೊತ್ತಿಗೆ 3 ವಾರ ನಿಮ್ಮ ಕಂತೂ ಬಂದಿರಲಿಲ್ಲ. ಎರಡು ಕಡೆಯ ತಡ ಒಂದರ ಮೇಲೊಂದು ಬಿದ್ದಾಗ ಸಾಮಾನ್ಯವಾಗಿ ಒಪ್ಪುವ ಪದ್ಧತಿ ಇದು: ಆ 3 ವಾರಕ್ಕೆ ನೀವು ಕಡಿತ ಹಾಕುವಂತಿಲ್ಲ, ಅವರು ರೇಟು ಏರಿಸಿ ಕೇಳುವಂತಿಲ್ಲ. ಅವಧಿ ಮಾತ್ರ 3 ವಾರ ಮುಂದಕ್ಕೆ ಹೋಗುತ್ತದೆ. ಉಳಿದ 3 ವಾರ ಪೂರ್ತಿ ಅವರದ್ದು. ಯುಗಾದಿಗೆ ಕೆಲಸದವರು ಊರಿಗೆ ಹೋಗುವುದು ಹೊಸ ವಿಷಯವಲ್ಲ. ಹಬ್ಬ, ಅದರ ಹಿಂದೆ ಜಾತ್ರೆ, ಮದುವೆ, ಆಮೇಲೆ ಬಿತ್ತನೆ. ಪ್ರತಿ ವರ್ಷ ಇದೇ ಕ್ರಮ. ಬಿಹಾರದ ಕಡೆಯವರಿದ್ದರೆ ಹೋಳಿ ಹಬ್ಬಕ್ಕೆ, ಛಠ್ ಪೂಜೆಗೆ ಹೋಗುತ್ತಾರೆ. ಮೊದಲೇ ಗೊತ್ತಿರುವ ರಜೆ ಯೋಜನೆಯೊಳಗೇ ಇರಬೇಕು. ಆಮೇಲೆ ಅದನ್ನು ಕಾರಣ ಅಂತ ಹೇಳುವುದು ಸರಿಯಲ್ಲ.

ಮಳೆಗೆ ಅವರು ಎಷ್ಟು ದಿನ ಕೇಳುತ್ತಾರೆ ಅಂತ ನೀವು ಬರೆದಿಲ್ಲ. ಜೂನ್, ಜುಲೈನಲ್ಲಿ ಮೇಲಿನ ಗೋಡೆ, ಮೋಲ್ಡ್ ಕೆಲಸ ನಡೆದಿದೆ. ಆ ಹಂತದಲ್ಲಿ ಮಳೆ ನಿಜವಾಗಿಯೂ ಅಡ್ಡಿ. ನಾನು 2 ವಾರ ಒಪ್ಪುತ್ತೇನೆ. ತಿಂಗಳುಗಟ್ಟಲೆ ಹೇಳಿದರೆ ದಾಖಲೆ ಕೇಳಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಹೋಬಳಿ ಮಟ್ಟದಲ್ಲೂ ಇವೆ. ಯಾವ ದಿನ ಎಷ್ಟು ಮಿಲಿಮೀಟರ್ ಬಿತ್ತು ಅಂತ ಗೊತ್ತಾಗುತ್ತದೆ. ಇನ್ನೊಂದು ಮಾತು: ಮೋಲ್ಡ್ ಬಿದ್ದ ಮೇಲೆ ಒಳಗಿನ ಪ್ಲಾಸ್ಟರಿಂಗ್‌ಗೆ ಮಳೆ ಅಡ್ಡಿಯಲ್ಲ.

ಈಗ ದೊಡ್ಡ ಭಾಗಕ್ಕೆ ಬರೋಣ. ನಿಮ್ಮ ಮನೆಯ ಮೇಲಿನ ಮೋಲ್ಡ್ ಜುಲೈ ಮೂರನೇ ವಾರ ಬಿದ್ದಿರಬೇಕು. 10 ತಿಂಗಳ ಲೆಕ್ಕದಲ್ಲಿ ಅದು ಮೇ ಮೊದಲ ವಾರಕ್ಕೆ ಆಗಬೇಕಿತ್ತು. ಅಲ್ಲಿಗೆ 11 ವಾರ ತಡ: ಅಡುಗೆಮನೆ 3, ಯುಗಾದಿ ನಂತರದ್ದು 6, ಮಳೆ 2. ಉಳಿದ 16 ವಾರ ಹೋಗಿದ್ದು ಅದಾದ ಮೇಲೆ. ಸುಮಾರು 7 ವಾರದಲ್ಲಿ ಮುಗಿಯಬೇಕಿದ್ದ ಪ್ಲಾಸ್ಟರಿಂಗ್ 23 ವಾರ ಎಳೆದಿದೆ. ನೀವು ಹೇಳಿದ ಯಾವ ಕಾರಣವೂ ಈ 16 ವಾರಕ್ಕೆ ಹೊಂದುವುದಿಲ್ಲ. ಮಳೆಯಲ್ಲ, ಬದಲಾವಣೆಯಲ್ಲ, ಬ್ಯಾಂಕೂ ಅಲ್ಲ. ಹಾಗಾದರೆ ಏನು?

ನಿಮ್ಮ ಹಣದ ಕಂತುಗಳನ್ನು ನೋಡಿ. ಈ ಥರದ ಅಗ್ರಿಮೆಂಟಿನಲ್ಲಿ ಕಂತು ಸಾಮಾನ್ಯವಾಗಿ ಹೀಗಿರುತ್ತದೆ: ಅಗ್ರಿಮೆಂಟ್ ದಿನ 10%, ಪಾಯಕ್ಕೆ 15%, ಕೆಳಗಿನ ಮೋಲ್ಡ್‌ಗೆ 20%, ಮೇಲಿನ ಮೋಲ್ಡ್‌ಗೆ 20%, ಪ್ಲಾಸ್ಟರಿಂಗ್‌ಗೆ 15%. ಅಲ್ಲಿಗೆ ನೀವು ಹೇಳಿದ 80% ಆಯಿತು, ಅಂದರೆ 28.8 ಲಕ್ಷ. ಬಾಕಿ ಇರುವುದು 7.2 ಲಕ್ಷ. ಆದರೆ ಟೈಲ್ಸ್, ಸ್ಯಾನಿಟರಿ, ವೈರಿಂಗ್, ಬಾಗಿಲು, ಕಿಟಕಿ, ಗ್ರಿಲ್, ಪೇಂಟ್ ಸೇರಿ ಮನೆಯ ಖರ್ಚಿನಲ್ಲಿ ಸುಮಾರು 30% ಆಗುತ್ತದೆ. ನಿಮ್ಮ ಮನೆಗೆ ಅದು 10.8 ಲಕ್ಷ. 7.2 ಲಕ್ಷ ಬರುವ ಕಡೆ 10.8 ಲಕ್ಷ ಹಾಕಬೇಕು. ಯಾವ ಕಂಟ್ರಾಕ್ಟರ್ ಓಡಿಬಂದು ಈ ಕೆಲಸ ಮಾಡುತ್ತಾರೆ? ನಿಮ್ಮ ಹೆಚ್ಚಿನ ಹಣ ಇನ್ನೊಬ್ಬರ ಸೈಟಿನ ಕಂಬಿ, ಸಿಮೆಂಟಿಗೆ ಹೋಗಿರುವ ಸಾಧ್ಯತೆ ಜಾಸ್ತಿ. ಆ ಸೈಟಿನಲ್ಲಿ ಮೋಲ್ಡ್ ಬಿದ್ದರೆ ಅವರಿಗೆ 20% ಕಂತು ಬರುತ್ತದೆ. ಹಾಗಾಗಿ ಗಾರೆಯವರು ಅಲ್ಲಿಗೆ ಹೋಗುತ್ತಾರೆ. ನಿಮ್ಮ ಮನೆಗೆ ಇಬ್ಬರು ಬಂದು ಹೋಗುತ್ತಾರೆ. ಇದರಲ್ಲಿ ಮೋಸದ ಉದ್ದೇಶ ಇರಲೇಬೇಕೆಂದಿಲ್ಲ. ಕೈಯಲ್ಲಿ ಬಂಡವಾಳ ಇಲ್ಲದೆ ಐದಾರು ಮನೆ ಒಟ್ಟಿಗೆ ಹಿಡಿದವರು ಹೀಗೇ ಸಿಕ್ಕಿಹಾಕಿಕೊಳ್ಳುತ್ತಾರೆ. ಆದರೆ ಮನೆ ಕಟ್ಟಿಸುವವರು ನಿಜಕ್ಕೂ ಹೆದರಬೇಕಾದ ಕಾರಣ ಇದೇ. ಮಳೆ, ಮರಳು, ಲೇಬರ್ ಅಂತ ಎಲ್ಲರೂ ಮಾತಾಡುತ್ತಾರೆ, ಕಂತಿನ ಪಟ್ಟಿಯನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ.

ಒಟ್ಟು ಹೀಗಾಯಿತು: ನಿಮ್ಮದು 3 ವಾರ, ಇಬ್ಬರದೂ ಸೇರಿ 3, ಮಳೆ 2, ಕಂಟ್ರಾಕ್ಟರದ್ದು 19.

ಕಡಿತ ಹಿಡಿಯಬಹುದಾ ಅಂದರೆ, ಹಿಡಿಯಬಹುದು, ಆದರೆ 27 ವಾರಕ್ಕಲ್ಲ. 19 ವಾರಕ್ಕೆ 95,000 ರೂಪಾಯಿ. ಇಲ್ಲಿ ಕಾನೂನಿನ ಎರಡು ಮಾತು ತಿಳಿದಿರಲಿ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಅಗ್ರಿಮೆಂಟಿನಲ್ಲಿ ಬರೆದ ಮೊತ್ತ ಮೇಲ್ಮಿತಿ ಅಷ್ಟೇ. ಅದರೊಳಗೆ ನ್ಯಾಯವಾದ ಪರಿಹಾರ ಸಿಗುತ್ತದೆ. ಹಾಗಾಗಿ ನಿಮ್ಮ ನಿಜವಾದ ನಷ್ಟದ ದಾಖಲೆ ಇಟ್ಟುಕೊಳ್ಳಿ. ಈಗ ಕಟ್ಟುತ್ತಿರುವ ಬಾಡಿಗೆ ರಸೀದಿ, ಮೇಲಿನ ಮನೆಯಿಂದ ಬರಬೇಕಿದ್ದ ಬಾಡಿಗೆ ಇವು ಮುಖ್ಯ. ಗೃಹಸಾಲದ ಬಡ್ಡಿಯನ್ನು ಪೂರ್ತಿ ನಷ್ಟ ಅಂತ ತೋರಿಸಲು ಹೋಗಬೇಡಿ. ಮನೆ ಮುಗಿದಿದ್ದರೂ ಬಡ್ಡಿ ಕಟ್ಟಲೇಬೇಕಿತ್ತು. ಆದರೆ ಮನೆ ಮುಗಿಯುವ ತನಕ ಬ್ಯಾಂಕಿಗೆ ಬರೀ ಬಡ್ಡಿ ಕಟ್ಟುತ್ತಿದ್ದರೆ ಅಸಲು ಒಂದು ರೂಪಾಯಿಯೂ ಇಳಿಯುವುದಿಲ್ಲ, ಅದು ನೆನಪಿರಲಿ.

ಎರಡನೆಯದು ಇನ್ನೂ ಮುಖ್ಯ. ಅದೇ ಕಾಯ್ದೆಯ 55ನೇ ಸೆಕ್ಷನ್ ಹೇಳುವುದೇನೆಂದರೆ, ಗಡುವು ಮೀರಿದ ಕೆಲಸವನ್ನು ನೀವು ಸುಮ್ನೆ ಒಪ್ಪಿಕೊಂಡರೆ, ಪರಿಹಾರ ಕೇಳುತ್ತೇನೆ ಅಂತ ಒಪ್ಪುವಾಗಲೇ ತಿಳಿಸದಿದ್ದರೆ, ಆಮೇಲೆ ಕೇಳುವ ಹಕ್ಕು ಹೋಗುತ್ತದೆ. ಆಗಸ್ಟ್ ಆದ ಮೇಲೆ ನೀವು ಏನಾದರೂ ಬರೆದು ಕೊಟ್ಟಿದ್ದೀರಾ? ಇಲ್ಲದಿದ್ದರೆ ಈ ವಾರವೇ ಒಂದು ಪತ್ರ ಬರೆಯಿರಿ. ಜಗಳದ ಭಾಷೆ ಬೇಡ. ಗಡುವು ಮುಗಿದಿದೆ, ಕೆಲಸ ಮುಂದುವರಿಸಲು ನಮ್ಮ ಒಪ್ಪಿಗೆ ಇದೆ, ಆದರೆ ತಡದ ಪರಿಹಾರ ಕೇಳುವ ಹಕ್ಕನ್ನು ಬಿಟ್ಟುಕೊಟ್ಟಿಲ್ಲ. ಇಷ್ಟು ಸಾಕು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ವಾಟ್ಸಾಪ್‌ನಲ್ಲೂ ಹಾಕಿ. ಮುಂದೆ ಮಾತು ಕೆಟ್ಟರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ಸೇವೆ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲೆಯಲ್ಲೇ ದೂರು ಕೊಡಬಹುದು. ದೂರಿಗೆ 2 ವರ್ಷದ ಮಿತಿ ಇದೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನಿಮಗೆ ಅನ್ವಯಿಸುವುದಿಲ್ಲ. ಅದು ಬಿಲ್ಡರ್‌ಗಳಿಂದ ಫ್ಲಾಟ್, ಸೈಟ್ ಕೊಳ್ಳುವವರಿಗೆ.

ಆದರೆ 95,000ವನ್ನು ಈಗಲೇ ಕತ್ತರಿಸಬೇಡಿ. ಹಣವಿಲ್ಲದೆ ನಿಂತ ಕೆಲಸದಿಂದ ಇನ್ನಷ್ಟು ಹಣ ಹಿಡಿದರೆ ಕೆಲಸ ಪೂರ್ತಿ ನಿಲ್ಲುತ್ತದೆ. ಕೊನೆಯ ಬಿಲ್ಲಿನಲ್ಲಿ ಲೆಕ್ಕ ಮಾಡಿ. ಹೇಳಿದ ದಿನಕ್ಕೆ ಮುಗಿಸಿದರೆ ಅರ್ಧ ಬಿಡುತ್ತೇನೆ ಅಂತ ಬರೆದುಕೊಡಬಹುದು. ನನಗೆ ಕೇಳಿದರೆ ಅದು ಒಳ್ಳೆಯ ವ್ಯವಹಾರ.

ಬೇರೆಯವರಿಗೆ ಕೊಡುವ ವಿಚಾರ. ಬೆಂಗಳೂರಿನ ಈಜಿಪುರ ಫ್ಲೈಓವರ್ ನೆನಪಿಸಿಕೊಳ್ಳಿ. ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ್ದು. 2017ರಲ್ಲಿ ಶುರುವಾಯಿತು. ಕೆಲಸ ಸಾಗದೆ 2022ರಲ್ಲಿ ಗುತ್ತಿಗೆ ರದ್ದಾಯಿತು. ಹೊಸ ಗುತ್ತಿಗೆದಾರರು ಕೆಲಸ ಶುರು ಮಾಡುವ ಹೊತ್ತಿಗೆ 2023 ಮುಗಿಯುತ್ತಾ ಬಂದಿತ್ತು. ಅಷ್ಟು ದಿನ ಕೋರಮಂಗಲದ ಜನ ಬರೀ ಕಂಬಗಳನ್ನು ನೋಡಿಕೊಂಡು ಓಡಾಡಿದರು. ಗುತ್ತಿಗೆದಾರರನ್ನು ಬದಲಿಸಿದಾಗ ಹಳೆಯ ಕೆಲಸದ ಅಳತೆ, ಹೊಸ ಅಂದಾಜು, ಹೊಸ ರೇಟು ಇವುಗಳಿಗೇ ಕಾಲ ಹೋಗುತ್ತದೆ. ಮನೆಯಲ್ಲೂ ಅಷ್ಟೇ. ಹೊಸಬರು ಹಳಬರ ಪೈಪು, ವೈರಿನ ಹೊಣೆ ಹೊರುವುದಿಲ್ಲ. ಮುಂದೆ ಗೋಡೆ ಸೋರಿದರೆ ಇಬ್ಬರೂ ಒಬ್ಬರ ಕಡೆ ಇನ್ನೊಬ್ಬರು ಕೈ ತೋರಿಸುತ್ತಾರೆ. ನಿಮ್ಮ ಹಂತದಲ್ಲಿ ನಾನಾಗಿದ್ದರೆ ಬದಲಿಸುತ್ತಿರಲಿಲ್ಲ. ಎರಡು ವಾರ ಪೂರ್ತಿ ಕೆಲಸಕ್ಕೆ ಬರದಿದ್ದರೆ ಮಾತ್ರ ಯೋಚಿಸಿ. ಆಗಲೂ ಮೊದಲು ನೋಟಿಸ್, ಆಮೇಲೆ ಇಬ್ಬರೂ ನಿಂತು ಅಳತೆ, ಪ್ರತಿ ಕೋಣೆಯ ಫೋಟೋ, ಸಹಿ.

ಈಗ ಉಳಿದ 10 ವಾರ ಹೇಗೆ ನಡೆಸುವುದು?

ಮೊದಲು ಹಣದ ದಾರಿ ಬದಲಿಸಿ. ಬಾಕಿ 7.2 ಲಕ್ಷವನ್ನು ಕಂಟ್ರಾಕ್ಟರ್ ಕೈಗೆ ಕೊಡಬೇಡಿ. ಒಂದು ಪೂರಕ ಅಗ್ರಿಮೆಂಟ್ ಬರೆಸಿ. ಟೈಲ್ಸ್, ಸ್ಯಾನಿಟರಿ, ವೈರು, ಪೇಂಟ್ ಅಂಗಡಿಗಳಿಗೆ ನೀವೇ ನೇರವಾಗಿ ಹಣ ಕಟ್ಟಿ, ಬಿಲ್ಲು ಅವರ ಲೆಕ್ಕಕ್ಕೆ ಹಾಕಿ. ಕೂಲಿಯನ್ನು ಶನಿವಾರದ ಬಟವಾಡೆ ದಿನ, ಆ ವಾರ ಆದ ಕೆಲಸ ನೋಡಿ ಬಿಡುಗಡೆ ಮಾಡಿ. ಕೊರತೆ ಬೀಳುವ ಮೂರೂವರೆ ಲಕ್ಷ ಅವರು ಯಾವಾಗ, ಹೇಗೆ ಹಾಕುತ್ತಾರೆ ಅಂತ ಈಗಲೇ ಬಾಯಿಬಿಡಿಸಿ. ಈ ಮಾತು ಕಷ್ಟದ್ದು. ಆದರೆ ಇದನ್ನು ಆಡದೆ ಮಾಡುವ ಯಾವ ವೇಳಾಪಟ್ಟಿಯೂ ನಿಲ್ಲುವುದಿಲ್ಲ.

ಆಮೇಲೆ ನಿಮ್ಮ ಪಾಲಿನ ಕೆಲಸ. ಇಲ್ಲಿಂದ ಮುಂದೆ ಮೇಸ್ತ್ರಿಗಿಂತ ಜಾಸ್ತಿ ತಡ ಮಾಡುವವರು ಮನೆಯವರೇ. ಯಾವ ಟೈಲ್ಸ್, ಎಲ್ಲೆಲ್ಲಿ ಸ್ವಿಚ್ ಬೋರ್ಡ್, ಯಾವ ನಲ್ಲಿ, ಅಡುಗೆಕಟ್ಟೆಗೆ ಯಾವ ಗ್ರಾನೈಟ್, ಯಾವ ಬಣ್ಣ. ಪ್ರತಿಯೊಂದಕ್ಕೂ ನಿರ್ಧಾರದ ತಾರೀಕು ಬರೆದು ಗೋಡೆಗೆ ಅಂಟಿಸಿ. ಕಿಟಕಿ ಆರ್ಡರ್ ಕೊಟ್ಟ ಮೇಲೆ ಮೂರು ನಾಲ್ಕು ವಾರ ಬೇಕಾಗುತ್ತದೆ, ಅದು ಇವತ್ತೇ ಹೋಗಲಿ. ಟೈಲ್ಸ್ ಒಂದೇ ಸಲ, ಒಂದೇ ಬ್ಯಾಚಿನದು, ಸ್ವಲ್ಪ ಹೆಚ್ಚಿಗೆ ತನ್ನಿ. ಕಡಿಮೆ ಬಿದ್ದು ಆಮೇಲೆ ತಂದರೆ ಬಣ್ಣ ಹೊಂದುವುದಿಲ್ಲ.

ಕೊಂಕಣ ರೈಲ್ವೆ ಕಟ್ಟುವಾಗ ಅದರ ಮುಖ್ಯಸ್ಥರಾಗಿದ್ದ ಇಂಜಿನಿಯರ್ ಇ. ಶ್ರೀಧರನ್ ಅವರು ಕಚೇರಿಗಳಲ್ಲಿ ಇನ್ನು ಎಷ್ಟು ದಿನ ಉಳಿದಿದೆ ಅಂತ ತೋರಿಸುವ ಗಡಿಯಾರ ಹಾಕಿಸಿದ್ದರು. ನಿಮ್ಮ ಮನೆಗೆ ಒಂದು ಸ್ಲೇಟು ಸಾಕು. ಬಟವಾಡೆಯ ದಿನ ಮೇಸ್ತ್ರಿ, ಎಲೆಕ್ಟ್ರಿಷಿಯನ್, ಪ್ಲಂಬರ್, ಟೈಲ್ಸ್‌ನವರನ್ನು ಒಟ್ಟಿಗೆ ನಿಲ್ಲಿಸಿ ಕೇಳಿ: ಮುಂದಿನ ವಾರ ಯಾರ ಕೆಲಸ, ಅದಕ್ಕೆ ಏನು ಬೇಕು, ಅದು ಬಂದಿದೆಯಾ? ದಿನಾಲೂ ಒಂದು ನೋಟ್‌ಬುಕ್ಕಿನಲ್ಲಿ ಎಷ್ಟು ಜನ ಬಂದರು, ಏನು ಆಯಿತು, ಯಾವುದಕ್ಕೆ ಕಾದರು ಅಂತ ಎರಡು ಸಾಲು ಬರೆಯಿರಿ. ನಾನು ನೋಡಿದ ಮಟ್ಟಿಗೆ ಕೆಲಸಕ್ಕೆ ಹಿಡಿಯುವ ದಿನಕ್ಕಿಂತ ಒಬ್ಬರು ಮುಗಿಸಿ ಇನ್ನೊಬ್ಬರು ಬರುವ ತನಕ ಖಾಲಿ ಹೋಗುವ ದಿನಗಳೇ ಜಾಸ್ತಿ. ನೋಟ್‌ಬುಕ್ ಇದ್ದರೆ ಅವು ಕಣ್ಣಿಗೆ ಬೀಳುತ್ತವೆ.

ಕರೆಂಟಿನ ವಿಷಯ ಇವತ್ತೇ ಹಿಡಿಯಿರಿ. ನಮ್ಮ ಮೆಟ್ರೋ ಹಳದಿ ಮಾರ್ಗದಲ್ಲಿ ಆಗಿದ್ದು ಗೊತ್ತಲ್ವಾ? ಕಂಬ, ಹಳಿ, ನಿಲ್ದಾಣ ಸಿದ್ಧವಾದರೂ ರೈಲುಗಳೇ ಇರಲಿಲ್ಲ. ಬೋಗಿಗಳ ಗುತ್ತಿಗೆ 2019ರಲ್ಲೇ ಚೀನಾದ ಕಂಪನಿಗೆ ಹೋಗಿತ್ತು. ಮೊದಲ ರೈಲು ಬಂದದ್ದು 2024ರಲ್ಲಿ, ಸಂಚಾರ ಶುರುವಾದದ್ದು 2025ರ ಆಗಸ್ಟ್‌ನಲ್ಲಿ. ಎಲ್ಲರೂ ಕಾಂಕ್ರೀಟ್ ಕಡೆ ನೋಡುತ್ತಿದ್ದಾಗ ತಡ ಬೇರೆ ಕಡೆ ಕೂತಿತ್ತು. ಮನೆಗೆ ಆ ಜಾಗ ಕರೆಂಟ್ ಮೀಟರ್. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸ್ವಾಧೀನ ಪ್ರಮಾಣಪತ್ರ (ಮನೆ ವಾಸಕ್ಕೆ ಸಿದ್ಧ ಅಂತ ಸ್ಥಳೀಯ ಸಂಸ್ಥೆ ಕೊಡುವ ಒ.ಸಿ.) ಇಲ್ಲದ ಎಷ್ಟೋ ಮನೆಗಳಿಗೆ ರಾಜ್ಯದಲ್ಲಿ ಶಾಶ್ವತ ಸಂಪರ್ಕ ನಿಂತಿತ್ತು. ಆಮೇಲೆ ಸಣ್ಣ ಸೈಟುಗಳ ಮನೆಗೆ ಸಡಿಲಿಕೆ ಬಂದಿದೆ. ನಿಮಗೆ ಯಾವ ಕಾಗದ ಬೇಕು ಅಂತ ಬೆಸ್ಕಾಂ ಕಚೇರಿಗೂ ಪಾಲಿಕೆಗೂ ಹೋಗಿ ಕೇಳಿಕೊಂಡು ಬನ್ನಿ. ಪೇಂಟ್ ಆಗುವವರೆಗೆ ಕಾಯಬೇಡಿ.

ಕೊನೆಗೆ ಫಾಲ್ಗುಣ. ಬೇಡ, ವೈಶಾಖಕ್ಕೆ ಇಟ್ಟುಕೊಳ್ಳಿ. 10 ವಾರ ಒಂದು ದಿನವೂ ತಪ್ಪದೆ ನಡೆದರೆ ಯುಗಾದಿಗೆ ತೀರಾ ಹತ್ತಿರ ಮುಗಿಯುತ್ತದೆ. ಕೆಲಸದವರು ಮತ್ತೆ ಊರಿಗೆ ಹೊರಡುವ ಹೊತ್ತು ಅದು. ಮುಹೂರ್ತ ಗಟ್ಟಿಯಾದರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಕಾರ್ಡು ಹಂಚಿ ಆಗಿರುತ್ತದೆ. ಕೊನೆಯ ಎರಡು ವಾರ ಎಲ್ಲರೂ ಒಂದೇ ಕೋಣೆಯಲ್ಲಿ ಒಬ್ಬರ ಮೇಲೊಬ್ಬರು ಕೆಲಸ ಮಾಡುತ್ತಾರೆ. ಹಸಿ ಗೋಡೆಗೆ ಪುಟ್ಟಿ ಬೀಳುತ್ತದೆ, ವರ್ಷದೊಳಗೆ ಬಣ್ಣ ಗುಳ್ಳೆ ಏಳುತ್ತದೆ. ತಡದಿಂದ ಆಗುವ ಕೆಟ್ಟ ಪರಿಣಾಮ ಬಾಡಿಗೆ, ಬಡ್ಡಿಯಲ್ಲ, ತಡವಾದ ಮೇಲೆ ಮಾಡುವ ಅವಸರ. ಬಾಡಿಗೆ ಒಂದು ದಿನ ನಿಲ್ಲುತ್ತದೆ, ಸೋರುವ ಬಾತ್‌ರೂಮ್ ನಿಲ್ಲುವುದಿಲ್ಲ.

ಅವಸರ ಮಾಡಬಾರದ ಜಾಗಗಳನ್ನು ಹೇಳಿಬಿಡುತ್ತೇನೆ. ಬಾತ್‌ರೂಮ್ ವಾಟರ್‌ಪ್ರೂಫಿಂಗ್ ಆದ ಮೇಲೆ ನೀರು ಕಟ್ಟಿ ಎರಡು ದಿನ ಬಿಟ್ಟು, ಕೆಳಗಿನ ಮೋಲ್ಡ್ ನೋಡಿ ಆಮೇಲೆ ಟೈಲ್ಸ್. ಹೊಸ ಪ್ಲಾಸ್ಟರಿಂಗ್‌ಗೆ ಕನಿಷ್ಠ 7 ದಿನ ನೀರು, ಪುಟ್ಟಿಗೆ ಮೊದಲು ಸುಮಾರು 4 ವಾರ ಒಣಗಲು ಬಿಡುವು. ಇನ್ನೂ ಮೋಲ್ಡ್ ಹಂತದಲ್ಲಿರುವ ಓದುಗರಿಗೂ ಒಂದು ಮಾತು: ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಮಾಮೂಲಿ ಸಿಮೆಂಟಿನ ಮೋಲ್ಡ್‌ಗೆ ನಾಲ್ಕೂವರೆ ಮೀಟರ್ ಅಗಲದವರೆಗೆ ಆಸರೆ ಕಂಬ 7 ದಿನ, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ ಇರಲೇಬೇಕು. ಬೀಮುಗಳ ಕೆಳಗೆ 6 ಮೀಟರ್‌ವರೆಗೆ 14, ಮೇಲಾದರೆ 21 ದಿನ. ಈಗ ಜಾಸ್ತಿ ಸಿಗುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್ ನಿಧಾನಕ್ಕೆ ಗಟ್ಟಿಯಾಗುತ್ತದೆ, ಅದಕ್ಕೆ ಇನ್ನೂ ಕೆಲವು ದಿನ ಸೇರಿಸಿ. ಸೆಂಟ್ರಿಂಗ್ ಶೀಟು ಬೇರೆ ಸೈಟಿಗೆ ಬೇಕು ಅಂತ ಬೇಗ ಬಿಚ್ಚಲು ಬಂದರೆ ಬಿಡಬೇಡಿ.

ಈಗಷ್ಟೇ ಮನೆ ಶುರು ಮಾಡುವವರು ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲು ಕಂತಿನ ಪಟ್ಟಿಯನ್ನು ಒಬ್ಬ ಇಂಜಿನಿಯರ್‌ಗೆ ತೋರಿಸಿ. ಮೋಲ್ಡ್‌ಗಳಿಗೆ 20% ಬದಲು 15% ಇಡಿ, ಉಳಿದದ್ದನ್ನು ಟೈಲ್ಸ್, ಬಾಗಿಲು, ಪೇಂಟ್‌ಗೆ ಹಂಚಿ. ಕೊನೆಯ 5% ಒಂದು ಮಳೆಗಾಲ ಕಳೆದ ಮೇಲೆ ಕೊಡುವಂತಿರಲಿ. ಒಪ್ಪದ ಕಂಟ್ರಾಕ್ಟರ್ ಇದ್ದರೆ ಇನ್ನೊಬ್ಬರನ್ನು ಹುಡುಕಿ.

ನೀವು ಈ ವಾರ ಮಾಡಬೇಕಾದ್ದು ಮೂರು: ಪತ್ರ ಕಳಿಸಿ, ಕಿಟಕಿ ಆರ್ಡರ್ ಕೊಡಿ, ಬೆಸ್ಕಾಂಗೆ ಹೋಗಿ ಬನ್ನಿ. ಪೂರಕ ಅಗ್ರಿಮೆಂಟಿನ ಮಾತು ಮುಂದಿನ ಶನಿವಾರಕ್ಕೆ ಇರಲಿ. ಅಷ್ಟರಲ್ಲಿ ಅಂಗಡಿಗಳಿಂದ ಟೈಲ್ಸ್, ಸ್ಯಾನಿಟರಿ ದರಪಟ್ಟಿ ತರಿಸಿಕೊಂಡರೆ ಬಾಕಿ ಕೆಲಸಕ್ಕೆ ನಿಜವಾಗಿ ಎಷ್ಟು ಬೇಕು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ.